ಕಡಲೆ ಹೊಲದ ಹುಳು: ಮೊದಲು ಎಣಿಸಿ, ಆಮೇಲೆ ಎಣ್ಣೆ



ನಮ್ಮ ಆದವಾನಿ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆ ಹೂ ಬಿಡುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಹುಳ ಬಿದ್ದೈತಿ, ಯಾವ ಎಣ್ಣೆ ಹೊಡೀಬೇಕು?" ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಹುಳು ಎಷ್ಟಿವೆ, ಎಷ್ಟು ದೊಡ್ಡವಾಗಿವೆ? ಇದನ್ನು ನೋಡದೆ ಹೊಡೆದ ಎಣ್ಣೆಯಿಂದ ಬೆಳೆ ಉಳಿಯುವ ಭರವಸೆಯಿಲ್ಲ. ಅಂಗಡಿಯ ಸಾಲ ಮಾತ್ರ ಖಂಡಿತ ಬೆಳೆಯುತ್ತದೆ.

ಹುಳುವಿನ ಪರಿಚಯ

ಕಡಲೆಯ ದೊಡ್ಡ ಶತ್ರು ಕಾಯಿಕೊರಕ. ವಿಜ್ಞಾನಿಗಳು ಇದನ್ನು ಹೆಲಿಕೋವರ್ಪಾ ಎನ್ನುತ್ತಾರೆ. ಹತ್ತಿ, ತೊಗರಿ, ಟೊಮೆಟೊ ತಿನ್ನುವುದೂ ಇದೇ. ಇದರ ಪತಂಗ ರಾತ್ರಿ ಹಾರಾಡಿ ಎಳೆ ಎಲೆ, ಮೊಗ್ಗು, ಹೂಗಳ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿ ಮೊದಲು ಎಲೆಯನ್ನು ಕೆರೆದು ತಿನ್ನುತ್ತದೆ. ಬಲಿತ ಮೇಲೆ ಕಾಯಿಗೆ ದುಂಡನೆಯ ತೂತು ಕೊರೆದು, ತಲೆಯನ್ನು ಒಳಗಿಟ್ಟು ಕಾಳು ಮುಗಿಸುತ್ತದೆ. ಒಂದು ಹುಳು 30ರಿಂದ 40 ಕಾಯಿಗಳನ್ನು ಹಾಳುಮಾಡಬಲ್ಲದು. ಆಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಆದ್ದರಿಂದ ಮರಿ ಸಣ್ಣದಿರುವಾಗಲೇ ಹಿಡಿಯಬೇಕು. ನಾವು ಹೆಚ್ಚಾಗಿ ಬಿತ್ತುವ ಜೆ.ಜಿ.-11 ತಳಿ ಸೊರಗು ರೋಗವನ್ನು ತಡೆಯುತ್ತದೆಯೇ ಹೊರತು ಈ ಹುಳುವನ್ನಲ್ಲ.

ಎಣಿಸುವ ರೀತಿ

ಮೊಗ್ಗು ಕಂಡ ದಿನದಿಂದ ವಾರಕ್ಕೆ ಎರಡು ಸಲ ಹೊಲ ಸುತ್ತಿರಿ. ಹತ್ತು ಕಡೆ ನಿಂತು, ಒಂದೊಂದು ಕಡೆ ಒಂದು ಮೀಟರ್ ಸಾಲಿನ ಗಿಡಗಳನ್ನು ಬಿಡಿಸಿ ನೋಡಿ. ಸರಾಸರಿ ಮೀಟರಿಗೆ ಒಂದು ಹುಳು ಸಿಕ್ಕರೆ ಔಷಧಿಗೆ ಸಿದ್ಧರಾಗಿ. ಅದಕ್ಕಿಂತ ಕಡಿಮೆಯಿದ್ದರೆ ಕೈಯಿಂದ ಆರಿಸಿ ತೆಗೆದರೆ ಸಾಕು. ಎಕರೆಗೆ ಎರಡು ಮೋಹಕ ಬಲೆ ಕಟ್ಟಿದರೆ, ಪತಂಗ ಬಂದ ಸುದ್ದಿ ಮೊದಲೇ ತಿಳಿಯುತ್ತದೆ.

ಖರ್ಚಿಲ್ಲದ ಉಪಾಯಗಳು

1. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ. ಮಣ್ಣಿನ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಆಹುತಿಯಾಗುತ್ತವೆ.

2. ಬಿತ್ತುವಾಗ ಅಲ್ಲಲ್ಲಿ ನಾಲ್ಕು ಕಾಳು ಜೋಳ ಹಾಕಿ, ಇಲ್ಲವೇ ಎಕರೆಗೆ ಇಪ್ಪತ್ತು ಕವಲು ಕೋಲು ನೆಡಿ. ಕಾಜಾಣ, ಗೊರವಂಕಗಳು ಅದರ ಮೇಲೆ ಕುಳಿತು ಹುಳು ಹೆಕ್ಕುತ್ತವೆ.

3. ನಡುನಡುವೆ ಕೊತ್ತಂಬರಿ ಸಾಲು ಇರಲಿ. ಅದರ ಹೂವಿಗೆ ಬರುವ ಸಣ್ಣ ಕಣಜಗಳು ಹುಳುವಿನ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತವೆ. ಸಿಕ್ಕ ಎಣ್ಣೆಯನ್ನೆಲ್ಲ ಹೊಡೆದರೆ ಮೊದಲು ಸಾಯುವವರು ಈ ಸ್ನೇಹಿತರೇ.

ಎಣಿಕೆ ಮಿತಿ ಮುಟ್ಟಿದರೆ

ಮೊಟ್ಟೆ, ಸಣ್ಣ ಮರಿ ಇರುವಾಗ ಬೇವಿನ ಬೀಜದ ಕಷಾಯ ಸಾಕು. 5 ಕಿಲೊ ಬೀಜದ ಪುಡಿಯನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, 100 ಲೀಟರಿಗೆ ತುಂಬಿಸಿ. ಸ್ವಲ್ಪ ಸಾಬೂನು ಕಲಸಿ ಹೊಡೆಯಿರಿ. ಎನ್.ಪಿ.ವಿ. ಎಂಬ ನಂಜಾಣು ದ್ರಾವಣವೂ ಉಂಟು. ಇದನ್ನು ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಸಂಜೆಯೇ ಹೊಡೆಯಬೇಕು. ಬಿಸಿಲಿಗೆ ಅದರ ಶಕ್ತಿ ಕುಂದುತ್ತದೆ. ರೋಗ ತಗಲಿದ ಹುಳುಗಳು ಗಿಡದ ತುದಿಗೇರಿ ತಲೆಕೆಳಗಾಗಿ ಜೋತು ಸಾಯುತ್ತವೆ. ಇವೆರಡಕ್ಕೂ ಬಗ್ಗದಿದ್ದರೆ ಮಾತ್ರ ಕೃಷಿ ಅಧಿಕಾರಿಯನ್ನು ಕೇಳಿ ರಾಸಾಯನಿಕ ತನ್ನಿ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ.

ಮನೆಯವರ ಆರೋಗ್ಯ

ಡಬ್ಬಿಯ ಮೇಲಿನ ಬಣ್ಣ ನೋಡಿ. ಕೆಂಪು ಅತಿ ಘೋರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಚೀಟಿ ತೆಲುಗಿನಲ್ಲಿದ್ದರೆ ಓದಬಲ್ಲ ಮಕ್ಕಳಿಂದ ಓದಿಸಿಕೊಳ್ಳಿ. ಹಿಂದೆ ಕಾಯಿಕೊರಕಕ್ಕೆ ಹೊಡೆಯುತ್ತಿದ್ದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು. ಗೇರು ತೋಟಗಳಿಗೆ ಅದನ್ನು ಸುರಿದ ಕಾಸರಗೋಡಿನ ಹಳ್ಳಿಗಳ ಕಷ್ಟ ನಾವೆಲ್ಲ ಕೇಳಿದ್ದೇ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಕಡಲೆ ಹೊಲ ನಮಗೆ ಅಡಿಗೆಮನೆಯೂ ಹೌದು. ಹೆಣ್ಣುಮಕ್ಕಳು ಪಲ್ಯಕ್ಕೆ ಕುಡಿ ಚಿವುಟುತ್ತಾರೆ, ಮಕ್ಕಳು ಶಾಲೆಯಿಂದ ಬರುತ್ತಾ ಸುಲಗಾಯಿ ಕಿತ್ತು ತಿನ್ನುತ್ತಾರೆ. ಎಣ್ಣೆ ಹೊಡೆದ ದಿನವೇ ಮನೆಯಲ್ಲೂ ನೆರೆಯಲ್ಲೂ ತಿಳಿಸಿ. ಬದುವಿನ ಮೇಲೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿ. ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಸೊಪ್ಪು, ಕಾಯಿ ಮುಟ್ಟಬೇಡಿ. ಹೊಡೆದವರಿಗೆ ತಲೆಸುತ್ತು, ವಾಂತಿ ಬಂದರೆ ಬಟ್ಟೆ ಬದಲಿಸಿ, ಮೈ ತೊಳೆದು, ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಖಾಲಿ ಡಬ್ಬಿಯನ್ನು ನೀರಿಗೂ ಕಾಳಿಗೂ ಬಳಸದೆ ಚುಚ್ಚಿ ಹಾಳುಮಾಡಿ.