ಪಥ ವಿಶ್ಲೇಷಣೆ: ಕಾರಣದ ಜಾಡು ಹಿಡಿಯುವ ಲೆಕ್ಕ

ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದಲ್ಲಿ ರಾಗಿ ಇಳುವರಿ ಹೆಚ್ಚುವುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹೆಚ್ಚಳ ಬಂದದ್ದು ಗೊಬ್ಬರದಲ್ಲಿನ ಪೋಷಕಾಂಶಗಳಿಂದಲೋ, ಮಣ್ಣು ತೇವ ಹಿಡಿದಿಟ್ಟುಕೊಂಡದ್ದರಿಂದಲೋ? ಎರಡರಿಂದಲೂ ಆದರೆ ಯಾವುದರ ಪಾಲು ಎಷ್ಟು? ಇದನ್ನು ಬಿಡಿಸಿ ನೋಡುವ ಲೆಕ್ಕದ ಕ್ರಮವೇ ಪಥ ವಿಶ್ಲೇಷಣೆ. ಇದರ ವಿಸ್ತೃತ ರೂಪಕ್ಕೆ ರಚನಾತ್ಮಕ ಸಮೀಕರಣ ಮಾದರಿ ಎಂದು ಹೆಸರು.

ಈ ಕ್ರಮ ಬೆಳೆದದ್ದು ಕೃಷಿ ಸಂಶೋಧನೆಯಲ್ಲೇ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿನಿಯಿಲಿಗಳ ಅನುವಂಶೀಯತೆಯನ್ನು ಅಭ್ಯಸಿಸುತ್ತಿದ್ದ ಸೀವಾಲ್ ರೈಟ್ 1921ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. 1959ರಲ್ಲಿ ಡ್ಯೂಯಿ ಮತ್ತು ಲು ಅವರು ಒಂದು ಮೇವಿನ ಹುಲ್ಲಿನ ಬೀಜೋತ್ಪಾದನೆಗೆ ಇದನ್ನು ಅನ್ವಯಿಸಿದರು. ಇಂದು ಕರ್ನಾಟಕದ ಕೃಷಿ ವಿಶ್ವವಿದ್ಯಾನಿಲಯಗಳ ತಳಿಶಾಸ್ತ್ರ ಪ್ರಬಂಧಗಳಲ್ಲೂ ಇದು ಸಾಮಾನ್ಯ.

ಪರಿಸರ ವಿಜ್ಞಾನದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಕುರುಚಲು ಕಾಡಿನ ಅಧ್ಯಯನ ಒಳ್ಳೆಯ ನಿದರ್ಶನ. 1993ರ ಬೆಂಕಿಯ ನಂತರ ಅಲ್ಲಿನ 90 ತಾಕುಗಳಲ್ಲಿ ಸಸ್ಯಗಳು ಮರಳಿ ಬೆಳೆದ ಬಗೆಯನ್ನು ಅಳೆಯಲಾಯಿತು. ಗ್ರೇಸ್ ಮತ್ತು ಕೀಲಿ ಇದರ ವಿಶ್ಲೇಷಣೆಯನ್ನು 2006ರಲ್ಲಿ ಪ್ರಕಟಿಸಿದರು. ಕುರುಚಲು ಹಳೆಯದಾಗಿದ್ದಷ್ಟೂ ಬೆಂಕಿಯ ನಂತರದ ಹಸಿರು ಹೊದಿಕೆ ಕಡಿಮೆಯಾಗಿತ್ತು. ಮೇಲ್ನೋಟಕ್ಕೆ ವಯಸ್ಸೇ ಕಾರಣ. ಆದರೆ ಹಳೆಯ ಕುರುಚಲಿನಲ್ಲಿ ಬೆಂಕಿ ಹೆಚ್ಚು ತೀವ್ರ, ತೀವ್ರ ಬೆಂಕಿ ತಗುಲಿದಲ್ಲಿ ಹೊದಿಕೆ ಕಡಿಮೆ. ಈ ಎರಡು ಬಾಣಗಳ ಮೇಲಿನ ಅಂಕಿಗಳನ್ನು ಗುಣಿಸಿದರೆ ಬೆಂಕಿಯ ಮೂಲಕ ಸಾಗಿದ ಪರಿಣಾಮ ದೊರೆಯುತ್ತದೆ. ವಯಸ್ಸು, ಬೆಂಕಿ, ಹೊದಿಕೆ ಈ ಮೂರನ್ನೇ ಇಟ್ಟು ನೋಡಿದಾಗ, ಅದು ಒಟ್ಟು ಸಂಬಂಧದ ಅರ್ಧಕ್ಕಿಂತ ತುಸು ಕಡಿಮೆ. ಉಳಿದದ್ದಕ್ಕೆ ಬೇರೆ ದಾರಿ ಹುಡುಕಬೇಕು.

1970ರ ದಶಕದಲ್ಲಿ ಇಂಥ ಲೆಕ್ಕಕ್ಕೆ ಲಿಸ್ರೆಲ್ ಎಂಬ ಗಣಕ ಕಾರ್ಯಕ್ರಮ ಬಂದಿತು. ಈಗ ಉಚಿತವಾದ 'ಆರ್' ತಂತ್ರಾಂಶದಲ್ಲಿ ಈವ್ ರೊಸೀಲ್ ರಚಿಸಿದ 'ಲಾವಾನ್' ಹೆಚ್ಚು ಬಳಕೆಯಲ್ಲಿದೆ. ಒಂದೇ ಹೊಲದಿಂದ ಹಲವು ಮಾದರಿ ತೆಗೆದಿದ್ದರೆ ಲೆಫ್‌ಚೆಕ್ ಅವರ 'ಪೀಸ್‌ವೈಸ್ ಎಸ್‌ಇಎಂ' ಅನುಕೂಲ. ಕಲಿಯುವವರಿಗೆ ಬಿಲ್ ಶಿಪ್ಲಿ ಮತ್ತು ಜೇಮ್ಸ್ ಗ್ರೇಸ್ ಅವರ ಪುಸ್ತಕಗಳಿವೆ. ಮೊದಲು ಕಾಗದದ ಮೇಲೆ ಬಾಣ ಬರೆಯುವುದನ್ನು ರೂಢಿಸಿಕೊಳ್ಳುವುದು ಲೇಸು.

ಏಕೆಂದರೆ ಗಣಕಯಂತ್ರ ಬಾಣದ ದಿಕ್ಕನ್ನು ತಾನಾಗಿ ಹೇಳದು. ಗೊಬ್ಬರದಿಂದ ತೇವ ಹೆಚ್ಚಿತೆಂದು ಸಂಶೋಧಕ ಬಾಣ ಎಳೆಯಬಹುದು. ತೇವ ನಿಲ್ಲುವ ತಗ್ಗಿನ ತಾಕಿಗೇ ರೈತ ಹೆಚ್ಚು ಗಾಡಿ ಗೊಬ್ಬರ ಹೊಡೆದಿದ್ದರೆ ಆ ಬಾಣ ತಿರುಗುಮುರುಗು. ಆದರೂ ಲೆಕ್ಕ ಸರಿಯಾಗಿಯೇ ಕೂಡಿಬರುತ್ತದೆ! ಅದನ್ನು ನಂಬಿ ಎತ್ತರದ ಒಣಭೂಮಿಗೆ ಶಿಫಾರಸು ಮಾಡಿದರೆ ನಷ್ಟ ರೈತನಿಗೆ. ಆದ್ದರಿಂದ ಅಂಕಿ ಸಂಗ್ರಹಿಸುವ ವಿಸ್ತರಣಾ ಕಾರ್ಯಕರ್ತರು ಎಷ್ಟು ಗಾಡಿ ಎಂದಷ್ಟೇ ಕೇಳದೆ, ಆ ತಾಕಿಗೇ ಏಕೆ ಹಾಕಿದರೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಏಳೆಂಟು ತಾಕುಗಳ ಅಂಕಿಗಳಿಂದ ಈ ಲೆಕ್ಕಕ್ಕೆ ಕೈಹಾಕಬಾರದು.