ಡಬ್ಬಿಯಲ್ಲಿ ಕೂಡಿಟ್ಟ ರಸೀದಿಗಳು

ಮಗುವಿನ ಶಾಲಾ ಶುಲ್ಕದ ರಸೀದಿಗಳನ್ನೂ ಔಷಧದಂಗಡಿಯ ಚೀಟಿಗಳನ್ನೂ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೂಡಿಡುತ್ತ, ‘ಇಂದಲ್ಲ ನಾಳೆ ಮಗುವಿನ ಅಪ್ಪನ ಮನಸ್ಸೇ ಕರಗೀತು’ ಎಂದು ವರ್ಷಗಳನ್ನು ನೂಕುವ ತಾಯಂದಿರಿಗೆ ನನ್ನದೊಂದು ಕಿವಿಮಾತು: ಆ ಡಬ್ಬಿಯೊಡನೆ ನೀವು ವಾಸಿಸುವ ಎಡೆಯ ಕೌಟುಂಬಿಕ ನ್ಯಾಯಾಲಯಕ್ಕೆ, ಅದಿಲ್ಲದಲ್ಲಿ ಮ್ಯಾಜಿಸ್ಟ್ರೇಟರಲ್ಲಿಗೆ, ಹೋಗಿರಿ, ಆತನಿರುವ ಊರನ್ನು ಅರಸುತ್ತ ಅಲೆಯಬೇಕಾದುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯದಾಗಿದೆ. ತಾಯ್ತಂದೆಯರ ವಿವಾಹವಾಗಿತ್ತೋ ಇಲ್ಲವೋ ಎಂಬ ಭೇದವನ್ನೆಣಿಸದೆ ಅದು ಮಗುವಿಗೆ ಜೀವನಾಂಶವನ್ನು ಕೊಡಿಸುತ್ತದೆ. ಆಜ್ಞೆಯನ್ನು ಸಕಾರಣವಿಲ್ಲದೆ ಉಲ್ಲಂಘಿಸಿದವನಿಗೆ ಸೆರೆವಾಸವೂ ಉಂಟು. ಆದರೆ ಬಾಕಿಯ ವಸೂಲಿಗೆ, ಅದು ಸಲ್ಲಬೇಕಾಗಿದ್ದ ದಿನದಿಂದ 1 ವರ್ಷದೊಳಗೆ ಅರ್ಜಿ ಹಾಕತಕ್ಕದ್ದು. ನಮ್ಮ ದಾಕ್ಷಿಣ್ಯಕ್ಕೆ ಕಾನೂನು ಅದಕ್ಕಿಂತ ಹೆಚ್ಚು ಕಾಯದು. ತಂದೆಯ ಮಮತೆಯನ್ನಾದರೋ ಯಾವ ನ್ಯಾಯಾಧೀಶರೂ ವಾರಂಟು ಹೊರಡಿಸಿ ತರಿಸಲಾರರು. ವಕೀಲರ ಶುಲ್ಕಕ್ಕೆ ಅಂಜದಿರಿ: ಹೆಂಗಸರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ನೆರವು ಉಚಿತ.