ಹಳೆಯ ಕಾಯಿಲೆಯಲ್ಲಿ ಹೊಸ ಲಕ್ಷಣ

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಅಂಗಾಂಗಗಳನ್ನು ಬಾಧಿಸುವ ಕಾಯಿಲೆಗಳಿಗೆ ಆಟೊಇಮ್ಯೂನ್ ಕಾಯಿಲೆಗಳೆಂದು ಹೆಸರು. ರುಮಟಾಯ್ಡ್ ಸಂಧಿವಾತ, ಲೂಪಸ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಮಾಧವನಿದಾನದಲ್ಲಿ ವರ್ಣಿತವಾದ ಆಮವಾತಕ್ಕೂ ರುಮಟಾಯ್ಡ್ ಸಂಧಿವಾತಕ್ಕೂ ಬಹಳಷ್ಟು ಹೋಲಿಕೆಯಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬರುವ ಇಂತಹ ರೋಗಿಗಳ ದೂರು ಒಂದೇ: “ಏನು ಹೇಳಿದರೂ ಅದೇ ವಾತ ಅಂತ ಕಳಿಸಿಬಿಡ್ತಾರೆ ಸ್ವಾಮಿ.” ಈ ತಪ್ಪನ್ನು ನಾವೂ ಮಾಡಿದ್ದೇವೆ. ಆಮವಾತವಿದ್ದ ಪಾಂಡವಪುರದ ಕಡೆಯ ತಾಯಿಯೊಬ್ಬರು, ಗದ್ದೆಗೆ ನಡೆದರೆ ಏದುಸಿರು ಬರುತ್ತದೆಂದರು. ನಿಶ್ಶಕ್ತಿಯೆಂದು ಲೇಹ್ಯ ಕೊಟ್ಟು ಕಳುಹಿಸಿದೆವು. ಎರಡು ತಿಂಗಳ ಬಳಿಕ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ, ಕಾಯಿಲೆ ಶ್ವಾಸಕೋಶಕ್ಕೂ ಹರಡಿದ್ದು ತಿಳಿಯಿತು. ಮೂಲರೋಗವನ್ನು ಆಶ್ರಯಿಸಿ ಅನಂತರ ಹುಟ್ಟುವ ರೋಗವನ್ನು ಚರಕಾಚಾರ್ಯರು ‘ಉಪದ್ರವ’ ಎಂದು ಕರೆದಿದ್ದಾರೆ. ಅದನ್ನು ಓದಿದ್ದ ನಮಗೆ ಆ ದಿನ ಅದು ಹೊಳೆಯಲಿಲ್ಲ. ಆ ಎರಡು ತಿಂಗಳು ಆಕೆಗೆ ಮರಳಿ ಬಾರದು.

ಹೊಸ ಲಕ್ಷಣಕ್ಕೆ ಮೂರು ಕಾರಣಗಳಿರಬಹುದು: ಮೂಲರೋಗ ಬೇರೊಂದು ಅಂಗಕ್ಕೆ ಹರಡಿರುವುದು, ಔಷಧಿಯ ದುಷ್ಪರಿಣಾಮ ಅಥವಾ ಸಂಬಂಧವೇ ಇಲ್ಲದ ಮತ್ತೊಂದು ರೋಗ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಸೇವಿಸುವವರು ಬಾಯಿಹುಣ್ಣು, ಒಣಕೆಮ್ಮು, ಜ್ವರಗಳನ್ನು ಅಲಕ್ಷಿಸಬಾರದು. ಸ್ಟೀರಾಯ್ಡ್ ಸೇವಿಸುವವರಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ಆದರೆ ಆ ಮಾತ್ರೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವುದು ಅಪಾಯಕರ.

ವೈದ್ಯರೆದುರು ಹೇಳುವ ಕ್ರಮ:

1. “ಇದು ಹಳೆಯ ನೋವಲ್ಲ, ಹೊಸದು” ಎಂದು ಮೊದಲೇ ಹೇಳಿರಿ.

2. ಆರಂಭವಾದ ದಿನವನ್ನೂ, ಅದರಿಂದ ನಿಂತ ಕೆಲಸವನ್ನೂ ಬರೆದೊಯ್ಯಿರಿ. “ಸುಸ್ತು” ಎನ್ನುವುದಕ್ಕಿಂತ “ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲಲ್ಲಿ ಈಗ ಎರಡು ಸಲ ನಿಲ್ಲುತ್ತೇನೆ” ಎಂಬುದು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

3. ಎಲ್ಲ ಮಾತ್ರೆಗಳನ್ನೂ, ನಮ್ಮ ಕಷಾಯ, ಭಸ್ಮಗಳನ್ನೂ ಮುಚ್ಚಿಡದೆ ತೋರಿಸಿರಿ.

4. “ಇದು ಕಾಯಿಲೆಯದೋ, ಔಷಧಿಯದೋ, ಬೇರೆಯದೋ? ಯಾವ ಪರೀಕ್ಷೆಯಿಂದ ತಿಳಿಯುತ್ತದೆ?” ಎಂದು ವಿನಯದಿಂದ, ಆದರೆ ಬಿಡದೆ ಕೇಳಿರಿ.

ಉಸಿರಾಟದ ತೊಂದರೆ, ಎದೆನೋವು, ಕೆಂಪಾಗಿ ನೋಯುವ ಕಣ್ಣು, ನೊರೆಮೂತ್ರದೊಡನೆ ಮುಖ-ಕಾಲುಗಳ ಊತ, ಕೈಕಾಲುಗಳ ಬಲ ಕುಂದುವುದು ಕಂಡರೆ ತಡಮಾಡದೆ ಮಂಡ್ಯದ ಮಿಮ್ಸ್, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಬೇಕು. ಆಗ ನಮ್ಮ ಕಷಾಯಕ್ಕಾಗಿ ಕಾಯಬಾರದು.

ರೋಗಿಯ ಮಾತನ್ನು ಪೂರ್ತಿ ಕೇಳುವುದೇ ವೈದ್ಯನ ಮೊದಲ ಕಾಯಕ. ಅದನ್ನು ನಾವು ಮರೆತಾಗ ನೆನಪಿಸುವ ಹಕ್ಕು ತಮಗಿದೆ.